ದುಡ್ಡು ಉಳೋನಿಗಾ, ನೆಲಕ್ಕಾ?

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ರೈತ ಸುಮ್ನೆ ಕೂತ್ರೂ ಸರ್ಕಾರ ಚೆಕ್ ಕಳಿಸುತ್ತೆ ಅಂತ ಮೊನ್ನೆ ಓದುಗರೊಬ್ರು ಬರೆದಿದ್ರಲ್ಲ, ಅದು ಪೂರ್ತಿ ಸುಳ್ಳೇನಲ್ಲ, ಆದ್ರೆ ಆ ಚೆಕ್ ಬರೋದು ರೈತನ ಹೆಸರಿಗಿಂತ ಜಾಸ್ತಿ ಅವನ ಜಮೀನಿನ ಹಳೇ ದಾಖಲೆಗೆ. ಮೆಕ್ಕೆಜೋಳ, ಗೋಧಿ, ಸೋಯಾ, ಹತ್ತಿ, ಭತ್ತ, ಕಡ್ಲೆಕಾಯಿ ಥರದ ಕೆಲವೇ ಬೆಳೆಗಳಿಗೆ ಈ ಸ್ಕೀಮು, ತರಕಾರಿ ಬೆಳೆಯೋನಿಗೆ ಇಲ್ಲಿ ಜಾಗ ಇಲ್ಲ. ಅದೂ ಈ ವರ್ಷ ಏನು ಬಿತ್ತಿದ್ದೀಯ ಅಂತ ಕೇಳಲ್ಲ, ಹಿಂದೆ ಆ ಹೊಲದಲ್ಲಿ ಏನಿತ್ತು ಅಂತ ನೋಡ್ತಾರೆ, ಅದಕ್ಕೆ ಬೇಸ್ ಎಕರೆ ಅಂತ ಹೆಸರು. ಟೆಕ್ಸಾಸ್‌ನಲ್ಲಿ ಹಳೇ ಭತ್ತದ ಗದ್ದೆಯಲ್ಲಿ ಮನೆ ಕಟ್ಕೊಂಡು ಹುಲ್ಲು ಬೆಳೆಸ್ಕೊಂಡಿದ್ದವರಿಗೂ ಭತ್ತದ ದುಡ್ಡು ಬರ್ತಿತ್ತು ಅಂತ 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆದಿತ್ತು. 2014ರ ಫಾರ್ಮ್ ಬಿಲ್ಲಲ್ಲಿ, ಅಂದ್ರೆ ಅಲ್ಲಿನ ಕೃಷಿ ಕಾಯ್ದೆಯಲ್ಲಿ, ಆ ನೇರ ಪಾವತಿ ನಿಂತೋಯ್ತು, ಬೇಸ್ ಎಕರೆ ಮಾತ್ರ ಹಾಗೇ ಉಳೀತು.

ಆಮೇಲೆ ಬಂದಿದ್ದು ಕೌಂಟಿ ಲೆಕ್ಕ. ಕೌಂಟಿ ಅಂದ್ರೆ ನಮ್ಮ ತಾಲ್ಲೂಕು ಜಿಲ್ಲೆ ನಡುವಿನದ್ದು ಅಂದ್ಕೊಳ್ಳಿ. ಇಡೀ ಕೌಂಟಿಯಲ್ಲಿ ಆ ಬೆಳೆಯ ಸರಾಸರಿ ಆದಾಯ ನಿಗದಿ ಮಟ್ಟದ 86 ಪರ್ಸೆಂಟಿಗಿಂತ ಕೆಳಗೆ ಬಿದ್ರೆ ಮಾತ್ರ ದುಡ್ಡು (2025ರಿಂದ ಅದು 90 ಆಗಿದೆ), ಹಾಗಾಗಿ ನಿಮ್ಮ ಹೊಲಕ್ಕೆ ಮಾತ್ರ ಆಲಿಕಲ್ಲು ಬಿದ್ದು ಎಲ್ಲಾ ನೆಲ ಕಚ್ಚಿದ್ರೂ ಕೌಂಟಿ ಚೆನ್ನಾಗಿದ್ರೆ ಈ ಸ್ಕೀಮಲ್ಲಿ ನಿಮಗೆ ಸೊನ್ನೆ, ನಿಮ್ಮ ಬೆಳೆ ಭರ್ಜರಿಯಾಗಿ ಬಂದು ಕೌಂಟಿ ಸೋತ್ರೆ ನಿಮಗೂ ಚೆಕ್ಕು. ಬೆಳೆ ವಿಮೆ ಬೇರೆ ಇದೆ, ಒಪ್ತೀನಿ. ಆದ್ರೆ ಈ ದುಡ್ಡು ಕೈಗೆ ಸಿಗೋದು ಮುಂದಿನ ವರ್ಷದ ಅಕ್ಟೋಬರ್ ಮೇಲೆ. ಕೋಟೆ ಲೂಟಿ ಆದ್ಮೇಲೆ ಊರ ಬಾಗಿಲು ಹಾಕಿದ ಹಾಗೆ.

ನನಗೆ ಹೊಟ್ಟೆ ಉರಿಯೋದು ಗೇಣಿ ವಿಷಯಕ್ಕೆ. ಅಲ್ಲಿ ಒಟ್ಟು ಕೃಷಿ ಜಮೀನಿನಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಪಾಲು ಗೇಣಿದು. ನಗದು ಗೇಣಿ ಆದ್ರೆ ರೂಲ್ಸ್ ಪ್ರಕಾರ ದುಡ್ಡು ಉಳೋನಿಗೇ ಸೇರಬೇಕು, ಸರಿ, ಆದ್ರೆ ಯಾವ ಹೊಲಕ್ಕೆ ಎಷ್ಟು ಬರುತ್ತೆ ಅಂತ ಒಡೆಯನಿಗೆ ಗೊತ್ತಿಲ್ವಾ? ಮುಂದಿನ ಸಲ ಗೇಣಿ ಏರಿಸ್ತಾನೆ ಅಷ್ಟೆ, ಕೊಡೋಕಾಗಲ್ಲ ಅಂದ್ರೆ ಪಕ್ಕದ ದೊಡ್ಡ ಕುಳ ಕಾಯ್ತಾ ಇರ್ತಾನೆ. ಇದು ಇವತ್ತಿನ ಕಥೆ ಅಲ್ಲ. 1933ರಿಂದ ಅಲ್ಲಿನ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಹತ್ತಿ ರೇಟು ಏರಲಿ ಅಂತ ಹೊಲ ಬೀಳು ಬಿಡೋಕೆ ದುಡ್ಡು ಕೊಡ್ತು, ದಕ್ಷಿಣದ ಜಮೀನ್ದಾರರು ಅದನ್ನ ಇಸ್ಕೊಂಡು ಪಾಲಿಗೆ ಮಾಡ್ತಿದ್ದ ಬಡವರನ್ನ, ಕರಿಯರು ಬಿಳಿಯರು ಇಬ್ಬರನ್ನೂ, ಗುಡಿಸಲು ಬಿಡಿಸಿ ಓಡಿಸಿದ್ರು. ಉಳುವವನೇ ಒಡೆಯ ಅಂತ ಕೇಳ್ಕೊಂಡು ಬೆಳೆದ ನಮಗೆ ಇದು ಬೇಗ ಅರ್ಥ ಆಗುತ್ತೆ.

ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಅಂತ ಮಿತಿ ಇತ್ತು, 2025ರಲ್ಲಿ ಅದನ್ನ 1,55,000 ಮಾಡಿದ್ರು, ಗಂಡ ಹೆಂಡ್ತಿ ಇಬ್ಬರೂ ಲೆಕ್ಕಕ್ಕೆ ಬಂದ್ರೆ ಡಬಲ್. ಐವತ್ತು ಎಕರೆ ಗೇಣಿಗೆ ಮಾಡೋನು ಆ ಮಿತಿ ಹತ್ರಾನೂ ಸುಳಿಯಲ್ಲ ಬಿಡಿ.

ಅಮೆರಿಕದ ಸಬ್ಸಿಡಿ ಇಷ್ಟು ಸಾವಿರ ಕೋಟಿ ಅಂತ ಇನ್ನೊಂದ್ಸಲ ಹಾಕುವಾಗ ಅದ್ರಲ್ಲಿ ಒಡೆಯನಿಗೆಷ್ಟು, ಉಳೋನಿಗೆಷ್ಟು ಅನ್ನೋದನ್ನೂ ಒಂದು ಸಾಲು ಹಾಕಿ ಸಾರ್.

ಇಂತಿ, ನಿಮ್ಮ ಓದುಗ