ಸುಮ್ನೆ ಕೂರಲಿಕ್ಕೂ ಸರ್ಕ್ಯುಲರ್ ಬೇಕಾ?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 21 ವಿಶ್ವ ಶಾಂತಿ ದಿನ. ವಿಶ್ವಸಂಸ್ಥೆ 1981ರಲ್ಲಿ ಇದನ್ನು ಘೋಷಿಸಿತು. ಚರ್ಚುಗಳ ವಿಶ್ವ ಮಂಡಳಿಯೂ ಅದೇ ದಿನ ಶಾಂತಿಗಾಗಿ ಪ್ರಾರ್ಥಿಸಲು ಕರೆ ಕೊಡುತ್ತದೆ. ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಶಾಂತಿ ಗಂಟೆ ಬಾರಿಸುತ್ತಾರೆ. 1954ರಲ್ಲಿ ಜಪಾನಿನಿಂದ ಬಂದ ಗಂಟೆ ಅದು. 60 ದೇಶಗಳ ಜನರ ನಾಣ್ಯ ಕರಗಿಸಿ ಎರಕ ಹೊಯ್ದದ್ದು.

ನಮ್ಮ ಕಲಬುರಗಿಯಲ್ಲಿ 17ರಂದು ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಧ್ವಜ ಏರುತ್ತದೆ. ನಾಲ್ಕೇ ದಿನಕ್ಕೆ ಬರುವ 21ರ ನೆನಪು ಮಾತ್ರ ಯಾರಿಗೂ ಇದ್ದಂತಿಲ್ಲ. ಆ ದಿನ ಮಕ್ಕಳು ಒಂದು ನಿಮಿಷ ಮೌನ ಇರುತ್ತಾರಾ ಅಂತ ಕಳೆದ ವರ್ಷ ಮೊಮ್ಮಗಳ ಶಾಲೆಯಲ್ಲಿ ಕೇಳಿದೆ. "ಸರ್ಕ್ಯುಲರ್ ಬಂದಿಲ್ಲರೀ ಸರ್" ಅಂದರು. ಒಂದು ನಿಮಿಷ ಸುಮ್ನೆ ಕೂರಲಿಕ್ಕೂ ಸರ್ಕ್ಯುಲರ್ ಬೇಕಾ?

ವೇದಿಕೆ, ಶಾಲು, ಹಾರ ನಾನು ಕೇಳುತ್ತಿಲ್ಲ. ಅವು ನಮ್ಮಲ್ಲಿ ಈಗಲೇ ಜಾಸ್ತಿ. ಶರಣಬಸವೇಶ್ವರ ಗುಡಿ, ಖಾಜಾ ಬಂದೇ ನವಾಜ್ ದರ್ಗಾ, ಬುದ್ಧ ವಿಹಾರ ಮೂರೂ ಇರುವ ಊರು ನಮ್ಮದು. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾನ ಉರುಸು ನಡೆಯುತ್ತದಲ್ಲ, ಅದಕ್ಕೆ ನಮ್ಮ ಜಿಲ್ಲೆಯ ಮಾಡ್ಯಾಳದ ಜಂಗಮರು ಭಕ್ತರೊಂದಿಗೆ ಹೋಗುತ್ತಾರೆ. ಹಿಂದೂಗಳಿಗೆ ಆ ಸುಲ್ತಾನ ಅಲ್ಲಮ ಪ್ರಭುವಿನ ರೂಪ. ಅವರಿಗೆ ಯಾವ ಕಚೇರಿಯಿಂದಲೂ ಸರ್ಕ್ಯುಲರ್ ಹೋಗಿಲ್ಲ!

ಮಧ್ಯಾಹ್ನ 12ಕ್ಕೆ ಒಂದು ನಿಮಿಷ ಮೌನ ಇರಬೇಕು ಅನ್ನುವುದು ವಿಶ್ವಸಂಸ್ಥೆಯದೇ ಕರೆ. ಸೂಪರ್ ಮಾರ್ಕೆಟ್ ಕಡೆ ಆ ಒಂದು ನಿಮಿಷ ಹಾರ್ನ್ ನಿಂತರೂ ದೊಡ್ಡದು, ಅಲ್ವಾ? ಈ ಸಲ ನಾವು ಐದಾರು ನಿವೃತ್ತರು ಅಪ್ಪನ ಕೆರೆ ದಂಡೆಯಲ್ಲಿ ಕೂರುತ್ತೇವೆ. ಬರುವವರು ಬನ್ನಿ, ಮೊಬೈಲ್ ಮನೆಯಲ್ಲೇ ಬಿಟ್ಟು.

– ನಿವೃತ್ತ ಶಿಕ್ಷಕ, ಕಲಬುರಗಿ