ಮಾದರಿ ರೈಲನ್ನು ಆಟಿಕೆಯೆನ್ನುವ ಮುನ್ನ

ಮಾನ್ಯ ಸಂಪಾದಕರೇ,

ಹವ್ಯಾಸಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ ಮಾದರಿ ರೈಲುಗಳನ್ನು ‘ದೊಡ್ಡವರ ಆಟಿಕೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಲಾಗಿದೆ. ಜರ್ಮನಿಯಲ್ಲಿ ನೆಲೆಸಿ, ಹನ್ನೆರಡು ವರ್ಷಗಳಿಂದ ಇಲ್ಲಿನ ರೈಲುಮಾರ್ಗವೊಂದರ ಮಾದರಿಯನ್ನು ಕಟ್ಟುತ್ತ, ಪ್ರದರ್ಶಿಸುತ್ತ ಬಂದಿರುವ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆಟಿಕೆಯಾದರೆ ಓಡಿದರೆ ಸಾಕು. ಮಾದರಿಯಾದರೆ ಅದು ಯಾವ ಸೀಮೆಯದು, ಯಾವ ವರ್ಷದ್ದು ಎಂಬ ಪ್ರಶ್ನೆಗೆ ಅದರ ಪ್ರತಿಯೊಂದು ಇಂಚೂ ಉತ್ತರ ಹೇಳಬೇಕಾಗುತ್ತದೆ.

ಇದರ ಹುಟ್ಟು ಆಟಿಕೆಯಾಗಿಯೇ ಆಯಿತೆಂಬುದು ನಿಜ. ಗೊಪ್ಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್ಸಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು, ಜೋಡಿಸಿ ಬೆಳೆಸಬಹುದಾದ ಹಳಿಗಳ ಸಮೇತ ಮಾರಾಟಕ್ಕಿಟ್ಟಿತು. ಇಂದು ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗವಾಗಿರುತ್ತವೆ, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇರುತ್ತದೆ.

ಈ 87 ಎಂಬ ಸಂಖ್ಯೆಯ ಕಷ್ಟ ಕಟ್ಟಲು ಕುಳಿತವರಿಗೇ ಗೊತ್ತು. ನಾನು ಆರಿಸಿಕೊಂಡದ್ದು ಬ್ಲ್ಯಾಕ್ ಫಾರೆಸ್ಟ್ ಎಂದು ಹೆಸರಾದ ಸೀಮೆಯ ಗುಡ್ಡದ ಮಾರ್ಗ. ರೊಬೆರ್ಟ್ ಗೆರ್ವಿಗ್ ಎಂಬ ಎಂಜಿನಿಯರ್ ಟ್ರಿಬೆರ್ಗ್ ಸುತ್ತ ಹಳಿಯನ್ನು ದೊಡ್ಡ ಸುತ್ತುಗಳಲ್ಲಿ ಬಳಸಿ ಹತ್ತಿಸಿ, ಏರನ್ನು ಐವತ್ತು ಮೀಟರಿಗೆ ಒಂದು ಮೀಟರಿನೊಳಗೆ ಹಿಡಿದಿಟ್ಟ ಈ ಮಾರ್ಗ 1873ರಲ್ಲಿ ಪೂರ್ತಿಯಾಯಿತು. ಅಲ್ಲಿನ 300 ಮೀಟರ್ ತ್ರಿಜ್ಯದ ತಿರುವನ್ನು ಅಳತೆಗೆ ಸರಿಯಾಗಿ ಕುಗ್ಗಿಸಿದರೂ ಸುಮಾರು ಮೂರೂವರೆ ಮೀಟರ್ ತ್ರಿಜ್ಯ ಬೇಕು, ಅಂದರೆ ಅರ್ಧ ಸುತ್ತಿಗೇ ಏಳು ಮೀಟರ್ ಅಗಲದ ಕೋಣೆ ಬೇಕು. ಅಂಗಡಿಯಲ್ಲಿ ಸಿಗುವ ಚಿಕ್ಕ ತಿರುವಿನ ಹಳಿಯ ತ್ರಿಜ್ಯವಾದರೋ 36 ಸೆಂ.ಮೀ. ಆದ್ದರಿಂದ ನೋಡುಗರ ಕಣ್ಣಿಗೆ ಬೀಳುವೆಡೆ ವಿಶಾಲವಾದ ತಿರುವು, ಸುರಂಗದ ಬಾಯಿ ದಾಟಿದೊಡನೆ ಚಿಕ್ಕ ತಿರುವು ಎಂದು ಹಂಚಿಕೊಳ್ಳಬೇಕಾಗುತ್ತದೆ. ಎಲ್ಲಿ ರಾಜಿಯಾಗಬೇಕು, ಎಲ್ಲಿ ಕೂಡದು ಎಂಬ ಈ ತೀರ್ಮಾನವೇ ನನ್ನ ಮಟ್ಟಿಗೆ ಈ ಕೆಲಸದ ಅತ್ಯಂತ ಕಠಿಣ ಭಾಗ.

ವರ್ಷದ ವಿಷಯದಲ್ಲಿ ಮಾತ್ರ ರಾಜಿ ಕೂಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಮಾದರಿ 1967ರ ಬೇಸಿಗೆಯದು. ಮೂತಿಯ ಮೇಲೆ ದೊಡ್ಡ ‘ವಿ’ ಅಕ್ಷರ ಹೊತ್ತ ಕೆಂಪು ಡೀಸೆಲ್ ಎಂಜಿನ್‌ಗಳು ಆಗ ‘ವಿ 200’ ಎಂಬ ಹೆಸರಿನಲ್ಲೇ ಓಡುತ್ತಿದ್ದವು. 1968ರ ಆರಂಭದಿಂದ ಪಶ್ಚಿಮ ಜರ್ಮನಿಯ ರೈಲ್ವೆ ಕಂಪ್ಯೂಟರಿಗೆ ಹೊಂದುವ ಸಂಖ್ಯೆಗಳನ್ನು ಜಾರಿಗೆ ತಂದಾಗ ಅವು ‘220’ ಆದವು. ಹೀಗಾಗಿ ನಾನು ಕೊಂಡಿದ್ದ ‘220’ರ ಎಂಜಿನ್ ಮೇಲಿನ ಅಂಕಿಗಳನ್ನು ಒಂದೊಂದಾಗಿ ಅಳಿಸಿ ಹಳೆಯ ಸಂಖ್ಯೆ ಹಚ್ಚಬೇಕಾಯಿತು. ಈ ಮಾರ್ಗಕ್ಕೆ ವಿದ್ಯುತ್ ತಂತಿ ಬಂದದ್ದು 1970ರ ದಶಕದಲ್ಲಿ, ಹಾಗಾಗಿ ಹಳಿಯ ಮೇಲೆ ತಂತಿಯಿಲ್ಲ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿಯಿಂದ ಜಲ್ಲಿ ಕಂದುಗಟ್ಟುತ್ತದೆ, ಆ ಬಣ್ಣವನ್ನೂ ತೆಳುವಾಗಿ ಹಚ್ಚಿದ್ದೇನೆ.

ಇಷ್ಟಾಗಿಯೂ ತಪ್ಪು ಉಳಿದಿತ್ತು. ಕಳೆದ ಚಳಿಗಾಲದ ಪ್ರದರ್ಶನವೊಂದರಲ್ಲಿ ನಿವೃತ್ತ ರೈಲ್ವೆ ನೌಕರರೊಬ್ಬರು ಅರ್ಧ ಗಂಟೆ ಮೌನವಾಗಿ ನಿಂತು ನೋಡಿ, ಬಳಿಕ ನಿಲ್ದಾಣದ ಹೊರಗಿನ ಕೈಮರದ (ಏಳುವ ಕೈಗಳಿಂದ ಚಾಲಕನಿಗೆ ಸೂಚನೆ ಕೊಡುವ ಸಿಗ್ನಲ್ ಕಂಬದ) ಕಡೆ ಬೆರಳು ತೋರಿ, “ಎರಡನೆಯ ಕೈ ಏಳಲಿಲ್ಲವಲ್ಲ” ಎಂದರು. ಅವರ ಮಾತು ಸರಿಯಾಗಿತ್ತು. ಗಾಡಿ ನೇರ ಹಳಿಯಲ್ಲಿ ಹೋಗುವುದಾದರೆ ಜರ್ಮನ್ ಕೈಮರದ ಮೇಲಿನ ಕೈಯೊಂದೇ ಏಳುತ್ತದೆ. ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಪಕ್ಕದ ಹಳಿಗೆ ತಿರುಗುವುದಾದರೆ ಎರಡೂ ಕೈಗಳು ಓರೆಯಾಗಿ ಮೇಲೆದ್ದು ನಿಧಾನವಾಗಿ ಬರುವಂತೆ, ಸಾಮಾನ್ಯವಾಗಿ ಗಂಟೆಗೆ 40 ಕಿ.ಮೀ. ಮೀರದಂತೆ, ಚಾಲಕನಿಗೆ ಸೂಚಿಸುತ್ತವೆ. ನನ್ನ ಸರಕು ಗಾಡಿ ಪಕ್ಕದ ಹಳಿಗೆ ತಿರುಗುತ್ತಿತ್ತು, ಕೆಳಗಿನ ಕೈ ಕಂಬಕ್ಕೆ ಅಂಟಿಕೊಂಡೇ ಇತ್ತು. ಆ ರಾತ್ರಿಯೇ ಮಾದರಿಯ ಹಲಗೆಯ ಅಡಿಗೆ ಮಲಗಿ, ಪಾಯಿಂಟಿನ ಮೋಟಾರಿಗೂ ಕೈಮರಕ್ಕೂ ಹೊಸ ತಂತಿ ಬೆಸೆದೆ. ಗಾಡಿಯ ವೇಗವನ್ನೂ ಸೆಕೆಂಡಿಗೆ 13 ಸೆಂ.ಮೀ. ಒಳಗೆ ತಂದೆ, ಅಳತೆಗೆ ಇಳಿಸಿದ 40 ಕಿ.ಮೀ. ಅಷ್ಟೇ. ಮರುದಿನ ಅವರು ಮೊಮ್ಮಗಳೊಡನೆ ಮತ್ತೆ ಬಂದು, ಎರಡು ಕೈಗಳ ಅರ್ಥವನ್ನು ಆ ಹುಡುಗಿಗೆ ತಾವೇ ವಿವರಿಸಿದರು.

ಪ್ರದರ್ಶನಗಳ ಸಂಘಟಕರಲ್ಲೂ ನನ್ನದೊಂದು ಬೇಡಿಕೆಯಿದೆ. ಎಡೆಬಿಡದೆ ರೈಲು ಓಡುತ್ತಿರಲೇಬೇಕೆಂದು ಒತ್ತಾಯಿಸುವ ಬದಲು, ವೇಳಾಪಟ್ಟಿಯಂತೆ ಓಡಿಸಲು ಬಿಡಿ. ಮಾದರಿಯ ಮುಂದೆ ಅದರ ಸ್ಥಳ, ವರ್ಷ ಮತ್ತು ಸಿಗ್ನಲ್‌ಗಳ ಅರ್ಥ ತಿಳಿಸುವ ಫಲಕವೊಂದನ್ನು ಇಡಿಸಿ. ತಮ್ಮ ಪತ್ರಿಕೆ ಮುಂದೆ ಈ ವಿಷಯ ಬರೆಯುವಾಗ ವರದಿಗಾರರು ಬೇಲಿಯ ಹೊರಗೆ ನಿಂತು ಚಿತ್ರ ತೆಗೆದು ಹೋಗದೆ, ಹಿಂಬದಿಗೆ ಬಂದು ಗಾಡಿಯೊಂದನ್ನು ತಾವೇ ನಿಲ್ದಾಣಕ್ಕೆ ಬರಮಾಡಿಕೊಂಡು ನೋಡಲಿ ಎಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಸ್ಟುಟ್‌ಗಾರ್ಟ್, ಜರ್ಮನಿ