ಘಾಟಿ ಇಳಿಯುವ ಮುಂಚೆ ಇದನ್ನು ಓದು

ಚಿ. ಪುಟ್ಟುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಗದ ತಲುಪಿತು. ಗಾಡಿ ತಗೊಂಡಿದ್ದು, ಸಾಲ ಮಾಡಿದ್ದು, ಅಕ್ಕ ಬೈದಿದ್ದು ಎಲ್ಲ ಗೊತ್ತಿರುವುದೇ, ಅದನ್ನು ಬಿಡೋಣ. ಕೈಯಲ್ಲಿ ಮೂವತ್ತು ಸಾವಿರ ಇದೆ, ಹಳೇ ಬೊಲೆರೊ ಪಿಕಪ್ಪಿಗೆ ಮೊದಲು ಯಾವ ಕೆಲಸ ಮಾಡಿಸಲಿ ಎಂದು ಕೇಳಿದ್ದೀಯ. ಕಪ್ಪು ಹೊಗೆ, ಜಾರುವ ಕ್ಲಚ್ಚು, ಭಾರ ಹೊರುವ ಪ್ಲೇಟ್ ಸೆಟ್ಟು (ಸ್ಪ್ರಿಂಗ್ ಪಟ್ಟಿಗಳು) ಕೂತುಹೋದದ್ದು, ತುಕ್ಕು ಹಿಡಿದ ತಳ ಅಂತ ಪುಟ ತುಂಬ ಬರೆದಿದ್ದೀಯ. ಅದರ ನಡುವೆ ಒಂದು ಸಾಲು: ‘ಚಾರ್ಮಾಡಿ ಇಳಿಯುವಾಗ ಒಂದ್ಸಲ ಬ್ರೇಕ್ ಪೆಡಲ್ಲು ಪೂರ್ತಿ ಒಳಗೆ ಹೋಯ್ತು ಮಾವ, ಕೆಳಗೆ ಚಾ ಕುಡಿದು ಹೊರಡುವಾಗ ಸರಿಯಾಗಿತ್ತು.’

ಆ ಸಾಲು ಓದಿದ ಮೇಲೆ ನನಗೆ ನಿದ್ದೆ ನೆಟ್ಟಗಿಲ್ಲ. ಪೆಡಲ್ಲು ಒಳಗೆ ಹೋಯಿತು ಎಂಬುದಕ್ಕಿಂತ, ಅದು ತಾನಾಗಿ ಸರಿಯಾಯಿತು ಎಂದು ನೀನು ನಂಬಿದ್ದೀಯಲ್ಲ, ಅದಕ್ಕೆ ಹೆದರಿದ್ದೇನೆ.

ಕೊಟ್ಟಿಗೆಹಾರ ಬಿಟ್ಟು ಇಳಿಯಲು ಶುರು ಮಾಡಿದರೆ ಕೆಳಗಿನವರೆಗೂ ಕಾಲು ಬ್ರೇಕಿನ ಮೇಲೇ ಇರುತ್ತದೆ. ಮುಂದಿನ ಡಿಸ್ಕು, ಹಿಂದಿನ ಡ್ರಮ್ಮು ಕಾದು, ಆ ಬಿಸಿ ಬ್ರೇಕ್ ಆಯಿಲಿಗೆ ತಾಗುತ್ತದೆ. ಬ್ರೇಕ್ ಆಯಿಲು ಗಾಳಿಯಲ್ಲಿನ ನೀರಿನ ಪಸೆಯನ್ನು ಎಳೆದುಕೊಳ್ಳುವ ಜಾತಿಯದು. ಡಾಟ್ 3 ದರ್ಜೆಯ ಹೊಸ ಆಯಿಲು ಕುದಿಯಬೇಕಾದರೆ ಕಡಿಮೆಯೆಂದರೂ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ 140ರ ಹತ್ತಿರಕ್ಕೇ ಕುದಿಯಬಹುದು. ಕುದಿದರೆ ಪೈಪಿನೊಳಗೆ ಆವಿ. ನೀನು ಎಷ್ಟು ತುಳಿದರೂ ಆವಿ ಅಮುಕುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಚಾ ಕುಡಿಯುವಷ್ಟರಲ್ಲಿ ಅದು ಆರಿತು, ಪೆಡಲ್ಲು ಮೇಲೆ ಬಂತು. ಆರಿದೆ ಅಷ್ಟೇ, ರಿಪೇರಿ ಆಗಿಲ್ಲ. ಮುಂದಿನ ಲೋಡಿಗೆ ಅದೇ ಆಯಿಲು, ಅದೇ ತಿರುವು.

ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ತಪಾಸಣೆ, ಈಚೆಗೆ ಆಗಿದೆ ಎಂದು ಧೈರ್ಯ ಹೇಳಿದ್ದೀಯ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಅದು ವರ್ಷವರ್ಷವೂ ಆಗಲೇಬೇಕು. ಆದರೆ ಖಾಲಿ ಗಾಡಿ ಸಮತಟ್ಟಿನಲ್ಲಿ ನಿಂತರೆ, ಕೋಸಿನ ಮೂಟೆ ಹೇರಿಕೊಂಡು ಮಳೆಯಲ್ಲಿ ಘಾಟಿಯಲ್ಲೂ ನಿಲ್ಲುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ ಪುಟ್ಟು.

ನಾನು ಮ್ಯಾಟಡೋರ್ ಓಡಿಸುತ್ತಿದ್ದ ಕಾಲದ ಒಂದು ಸಂಗತಿ ಅಕ್ಕನಿಗೂ ಪೂರ್ತಿ ಹೇಳಿಲ್ಲ. ಇಳಿಯುವಾಗ ತರಕಾರಿ, ಹತ್ತುವಾಗ ಮಂಗಳೂರಿನ ದಕ್ಕೆಯಿಂದ ಮೀನು. ಒಂದು ದಿನ ನಿನಗಾದಂತೆಯೇ ಪೆಡಲ್ಲು ಮೆತ್ತಗಾಯಿತು, ಕೆಳಗೆ ನಿಲ್ಲಿಸಿದ ಮೇಲೆ ಗಟ್ಟಿಯಾಯಿತು. ಸಾಹುಕಾರರಿಗೆ ಹೇಳಿದೆ. ‘ಈಗ ಹಿಡೀತದಲ್ಲ, ಮತ್ತೇನು?’ ಅಂದರು. ಆಮೇಲೆ ಕೆಲವು ಲೋಡು ಏನೂ ಆಗಲಿಲ್ಲ. ಮಳೆ ಹಿಡಿದ ಮೇಲೆ ಒಂದು ಮುಂಜಾವ, ಅಣ್ಣಪ್ಪನ ಗುಡಿಯಿಂದ ಕೆಳಗೆ, ಕಾಲಿಟ್ಟರೆ ಪೆಡಲ್ಲಿನಲ್ಲಿ ಏನೂ ಇಲ್ಲ. ಗೇರು ಇಳಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಗುಡ್ಡದ ಬದಿಗೆ ಉಜ್ಜಿಸಿದೆ. ಕ್ಲೀನರ್ ಹುಡುಗ ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು ಹಿಡಿದು ಹಾರಿದ. ಗಾಡಿ ನಿಂತಿತು. ಅವನ ಕಾಲು ಚಕ್ರಕ್ಕೆ ಸಿಕ್ಕಿತ್ತು.

ಜೀವಕ್ಕೇನೂ ಆಗಲಿಲ್ಲ, ಆದರೆ ಆ ಮೊಣಕಾಲು ಮತ್ತೆ ಮಡಚಲಿಲ್ಲ. ಬೆಳ್ತಂಗಡಿ ಕಡೆಯವನು, ಇನ್ನೂ ಮೀಸೆ ಮೂಡದ ಹುಡುಗ, ತರಕಾರಿ ಮೂಟೆಗಳ ಮೇಲೆ ಮಲಗಿ ತುಳುವಿನಲ್ಲಿ ಹಾಡಿಕೊಳ್ಳುತ್ತಿದ್ದ. ಅವನ ಮನೆಗೆ ಹೋಗಿ ಬರಬೇಕು ಅಂದುಕೊಂಡೇ ವರ್ಷಗಳು ಕಳೆದವು. ಈಗ ಹುಡುಕಿದರೆ ಎಲ್ಲಿ ಸಿಗುತ್ತಾನೋ ಗೊತ್ತಿಲ್ಲ. ನಿನ್ನ ಜೊತೆಗೂ ಒಬ್ಬ ಹುಡುಗ ಬರುತ್ತಾನೆ ಎಂದು ಬರೆದಿದ್ದೀಯ. ಅದನ್ನು ಓದಿ ಕಾಗದ ಕೆಳಗಿಟ್ಟುಬಿಟ್ಟೆ.

ಇನ್ನು ನೀನು ಕೇಳಿದ್ದು. ನಾನು ಸ್ಟಿಯರಿಂಗ್ ಬಿಟ್ಟು ಎಷ್ಟೋ ಕಾಲವಾಯಿತು, ಈಗಿನ ಗಾಡಿಗಳ ಬಗ್ಗೆ ನಿಮ್ಮೂರಿನ ಮೆಕ್ಯಾನಿಕ್ಕಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ಆದರೂ ಮೊದಲು ನೀನೇ ನೋಡು. ಸಮನಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಪೆಡಲ್ಲನ್ನು ಒಂದೇ ಸಮ ಒತ್ತಿ ಹಿಡಿ. ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ, ಹೊರಗೆ ಆಯಿಲು ಸೋರದಿದ್ದರೂ ಪೆಡಲ್ಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿರಬಹುದು. ಮೊದಲ ತುಳಿತಕ್ಕೆ ಒಳಗೆ ಹೋಗಿ ಎರಡನೆಯದಕ್ಕೆ ಮೇಲೆ ಬಂದರೆ ಹಿಂದಿನ ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರ್ ಸವೆದಿದೆ, ಇಲ್ಲವೇ ಬ್ರೇಕ್ ಪೈಪಿನಲ್ಲಿ ಏರ್ ಇದೆ. ಹಿಂದಿನ ಟೈರುಗಳ ಒಳಬದಿ ಒದ್ದೆಯಾಗಿದ್ದರೆ ಡ್ರಮ್ಮಿನೊಳಗೆ ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಆಕ್ಸಲಿನ ಆಯಿಲ್ ಸೀಲ್ ಹೋಗಿದ್ದರೂ ಹಾಗೇ ಕಾಣುತ್ತದೆ, ಡ್ರಮ್ ಬಿಚ್ಚಿಸದೆ ತಿಳಿಯುವುದಿಲ್ಲ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತಿರುವುದು ಆ ತುಕ್ಕು. ಗಾಡಿ ಕರಾವಳಿಯದು, ತಳವೆಲ್ಲ ತಿಂದುಹೋಗಿದೆ ಅಂದೆ. ಮೀನಿನ ಲೋಡು ಹೊಡೆದ ಗಾಡಿಯೇ ಇರಬೇಕು. ಐಸು ಕರಗಿದ ಉಪ್ಪುನೀರು ಬಾಡಿಯ ಸಂದಿನಿಂದ ಚಾಸಿಸ್ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು ಅದೇ ಚಾಸಿಸ್ ಗುಂಟ ಹೋಗುವುದು, ಸಣ್ಣ ಉಕ್ಕಿನ ಪೈಪು. ಬಾಡಿ ತೂತಾದರೆ ಶೀಟು ಬಡಿಯಬಹುದು. ಆ ಪೈಪು ಒಡೆಯುವುದು ನೀನು ಜೋರಾಗಿ ತುಳಿದಾಗಲೇ. ಟಾರ್ಚ್ ಹಿಡಿದು ಕೆಳಗೆ ಮಲಗಿ ಪೂರ್ತಿ ಉದ್ದಕ್ಕೂ ನೋಡು, ಕ್ಲಿಪ್ಪು ಹಿಡಿದಿರುವ ಕಡೆ ಉಗುರಿನಿಂದ ಕೆರೆ. ಪದರ ಏಳುತ್ತಿದ್ದರೆ ಬಣ್ಣ ಬಳಿಸಬೇಡ, ಬದಲಾಯಿಸು. ರಬ್ಬರ್ ಹೋಸುಗಳನ್ನೂ ಆಗಲೇ ಹಾಕಿಸಿಬಿಡು.

ಆಯಿಲನ್ನಂತೂ ಯಾವ ಅನುಮಾನವೂ ಇಲ್ಲದೆ ಪೂರ್ತಿ ಚೆಲ್ಲಿಸು. ಡಬ್ಬಕ್ಕೆ ಕೆಲವು ನೂರು ರೂಪಾಯಿ ಅಷ್ಟೆ. ಮೇಲಿಂದ ತುಂಬಿಸಿ ಕಳಿಸಿದರೆ ಒಪ್ಪಬೇಡ. ನಾಲ್ಕೂ ಚಕ್ರದಲ್ಲಿ ಹೊಸ ಆಯಿಲು ಬರುವ ತನಕ ಏರ್ ತೆಗೆಸು, ಪಕ್ಕದಲ್ಲೇ ನಿಂತು ನೋಡು. ಮುದುಕನ ಸಂಶಯ ಅಂತ ಮೆಕ್ಯಾನಿಕ್ ಬೇಸರ ಮಾಡಿಕೊಂಡರೆ ನನ್ನ ಹೆಸರು ಹೇಳು.

ಉಳಿದ ದುಡ್ಡಿನಲ್ಲಿ ಟೈರು, ವೀಲ್ ಬೇರಿಂಗು, ಸ್ಟಿಯರಿಂಗ್ ಕೀಲುಗಳು. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಆಟ ಕೈಗೇ ಗೊತ್ತಾಗುತ್ತದೆ. ಕಪ್ಪು ಹೊಗೆಗೆ ಸದ್ಯ ಏರ್ ಫಿಲ್ಟರ್ ಬದಲಾಯಿಸಿ ನೋಡು. ನೀಲಿ ಹೊಗೆಯಾಗಿದ್ದರೆ ಎಂಜಿನ್ ಆಯಿಲು ಉರಿಯುತ್ತಿದೆ ಎಂದು ಚಿಂತಿಸಬೇಕಿತ್ತು. ಕ್ಲಚ್ಚು ಕೆಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ನೀನು ಬಸ್ಸು ಹತ್ತಿ ಮನೆಗೆ ಬರುತ್ತೀಯ. ಆದರೆ ತೀರಾ ಜಾರುತ್ತಿದ್ದರೆ ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಸಿಗುವುದಿಲ್ಲ, ಆಗ ಅದನ್ನೂ ಮುಂದೂಡಬೇಡ. ಪ್ಲೇಟ್ ಸೆಟ್ಟಿಗೆ ಇನ್ನೆರಡು ಪ್ಲೇಟು ಸೇರಿಸು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗಾಡಿ ಎತ್ತರಕ್ಕೆ ನಿಲ್ಲುತ್ತದೆ, ಲೋಡು ಜಾಸ್ತಿ ಹೇರಲು ಮನಸ್ಸಾಗುತ್ತದೆ, ಬ್ರೇಕು ಮಾತ್ರ ಮೊದಲಿದ್ದದ್ದೇ. ಆರ್‌ಸಿಯಲ್ಲಿ ಬರೆದಷ್ಟೇ ತೂಕ ಹಾಕು ಮಗಾ.

ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರಿನಲ್ಲಿರು. ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುವವರ ಮಾತು ಕೇಳಬೇಡ. ಬ್ರೇಕ್ ಪೆಡಲ್ಲನ್ನು ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಎಂಜಿನ್ ತಿರುಗಿದರೆ ಮಾತ್ರ ಓಡುವುದು; ಆಫ್ ಆದ ಮೇಲೆ ಒಂದೆರಡು ತುಳಿತಕ್ಕೆ ಪೆಡಲ್ಲು ಕಲ್ಲಾಗುತ್ತದೆ. ಲೈನರ್ ಸುಟ್ಟ ವಾಸನೆ ಬಂದರೆ ಅಗಲ ಸಿಕ್ಕಲ್ಲಿ ನಿಲ್ಲಿಸಿಬಿಡು. ಮಾರ್ಕೆಟ್ಟಿಗೆ ತಡವಾದರೆ ಆಗಲಿ.

ಈ ವಾರದ ಲೋಡನ್ನು ಬೇರೆ ಗಾಡಿಗೆ ಹಾಕಿ ಕಳಿಸು. ಬಾಡಿಗೆ ಕೈಬಿಟ್ಟುಹೋಗುತ್ತದೆ ಎಂಬ ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ; ಆ ಬಾಡಿಗೆ ನಾನು ಕೊಡುತ್ತೇನೆ, ಬೇಡ ಅನ್ನಬೇಡ. ಪೈಪಿನ ಕೆಲಸಕ್ಕೆ ನಿನ್ನ ಮೂವತ್ತು ಸಾವಿರ ಸಾಲದಿದ್ದರೆ ಅದಕ್ಕೂ ಕೇಳು. ಡ್ರಮ್ ಬಿಚ್ಚಿದ ದಿನ ಒಳಗೆ ಏನು ಕಂಡಿತು ಎಂದು ಫೋನ್ ಮಾಡಿ ಹೇಳು, ರಾತ್ರಿಯಾದರೂ ಪರವಾಗಿಲ್ಲ. ಅಕ್ಕನಿಗೆ ಈ ಕಾಗದ ತೋರಿಸಬೇಡ.

ಇತಿ,
ನಿನ್ನ ಮಾವ